ಬೋಳುಗುಡ್ಡದ ಮೇಲೆ ಎರಡು ರಾತ್ರಿ

ತಮ್ಮ ಬೆಂಗಳೂರಿನಿಂದ ಅಮೆರಿಕದ ಷಾರ್ಲಟ್‌ನಲ್ಲಿರುವ ನನ್ನ ಮನೆಗೆ ಬಂದಿಳಿದಾಗ ಅವನ ಸೂಟ್‌ಕೇಸಿನಲ್ಲಿ ಅಮ್ಮ ಕಳಿಸಿದ ಗೊಜ್ಜವಲಕ್ಕಿ, ಕಡಲೆಬೀಜದ ಚಿಕ್ಕಿ, ಎರಡು ಬಗೆಯ ಚಟ್ನಿಪುಡಿ ಇದ್ದವು. ಎಲ್ಲದರ ಅಡಿಯಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ಒಂದು ಛಾಪಾ ಕಾಗದವೂ ಇತ್ತು. ಕಳಸದ ಹತ್ತಿರ ನಮ್ಮ ಮನೆಯ ಹಿಂದೆ ಅಪ್ಪನ ಹಿಡುವಳಿಯ ಹುಲ್ಲುಗುಡ್ಡವಿದೆ. ನಮ್ಮ ಕಡೆ ಅದಕ್ಕೆ ಬ್ಯಾಣ ಎನ್ನುತ್ತೇವೆ. ಯಾರೋ ಹೋಮ್‌ಸ್ಟೇ ಕಟ್ಟುವವರು ಅದನ್ನು ಕೇಳಿದ್ದಾರೆ. ಹೆಣ್ಣುಮಕ್ಕಳ ಸಹಿ ಇಲ್ಲದೆ ಈಗ ಆಸ್ತಿ ಅಲ್ಲಾಡುವುದಿಲ್ಲವಾದ್ದರಿಂದ ನಾನು ವಾಷಿಂಗ್ಟನ್ನಿನ ನಮ್ಮ ರಾಯಭಾರ ಕಚೇರಿಗೆ ಹೋಗಿ ಆ ಕಾಗದಕ್ಕೆ ಮುದ್ರೆ ಹಾಕಿಸಿ ಕೊಡಬೇಕಾಗಿತ್ತು.

“ಅದನ್ನು ಆಮೇಲೆ ನೋಡೋಣ. ಮೊದಲು ಮೂರು ದಿನ ಗುಡ್ಡ ಸುತ್ತಿ ಬರೋಣ” ಎಂದೆ. ಕಚೇರಿ ಕೆಲಸದ ಮೇಲೆ ಬಂದವನಿಗೆ ವಾರದ ನಡುವೆ ಬಿಡುವಿತ್ತು. ನನ್ನ ಗಂಡ ಮಂಡಿನೋವಿನ ನೆಪ ಹೇಳಿ ನುಣುಚಿಕೊಂಡರು.

ಇದು 2019ರ ಅಕ್ಟೋಬರ್ ನಡುವಿನ ಮಾತು. ನಾವು ಆರಿಸಿಕೊಂಡದ್ದು ನಾರ್ತ್ ಕ್ಯಾರೊಲೈನಾ ಮತ್ತು ಟೆನೆಸಿ ರಾಜ್ಯಗಳ ಗಡಿಯಲ್ಲಿರುವ ರೋನ್ ಪರ್ವತಸಾಲನ್ನು. ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್‌ವರೆಗೆ ಹದಿನಾಲ್ಕು ರಾಜ್ಯಗಳನ್ನು ಹಾದು ಹೋಗುವ ಅಪಲೇಚಿಯನ್ ಟ್ರೇಲ್ ಎಂಬ ಕಾಲುದಾರಿ ಸುಮಾರು 2,190 ಮೈಲಿ ಉದ್ದವಿದೆ. 1937ರಲ್ಲಿ ಅದು ಮೊದಲ ಬಾರಿಗೆ ಪೂರ್ತಿಯಾಯಿತು. ಅದರಲ್ಲಿ ನಮ್ಮ ಪಾಲಿಗೆ ಬಂದದ್ದು ಹದಿನಾಲ್ಕು ಮೈಲಿ. ಗಟ್ಟಿಗರು ಒಂದೇ ದಿನದಲ್ಲಿ ಮುಗಿಸುತ್ತಾರೆ. ನಾವು ಮೂರು ದಿನ ಇಟ್ಟುಕೊಂಡೆವು.

ಬುಧವಾರ

ಷಾರ್ಲಟ್‌ನಿಂದ ಎರಡೂವರೆ ಗಂಟೆ ಕಾರು ಓಡಿಸಿ, ದಾರಿ ಮುಗಿಯುವ ಕಡೆಯಲ್ಲಿ ಚಾರಣಿಗರು ತಂಗುವ ಒಂದು ಹಾಸ್ಟೆಲ್ಲಿನ ಅಂಗಳದಲ್ಲಿ ಕಾರು ಬಿಟ್ಟೆವು. ಅಲ್ಲಿನವರೇ ತಮ್ಮ ವ್ಯಾನಿನಲ್ಲಿ ನಮ್ಮನ್ನು ದಾರಿ ಶುರುವಾಗುವ ಕಾರ್ವರ್ಸ್ ಗ್ಯಾಪ್‌ಗೆ ತಂದು ಇಳಿಸಿದರು. 5,512 ಅಡಿ ಎತ್ತರದ ಆ ಕಣಿವೆಬಾಯಿಯಲ್ಲಿ ಗಾಳಿ ಎಷ್ಟಿತ್ತೆಂದರೆ ವ್ಯಾನಿನ ಬಾಗಿಲನ್ನು ತಮ್ಮ ಎರಡೂ ಕೈಯಿಂದ ತಳ್ಳಿ ತೆರೆಯಬೇಕಾಯಿತು. ಸುತ್ತ ಮಂಜು. ಹತ್ತು ಮಾರು ಆಚೆಗೆ ಏನೂ ಕಾಣಿಸದು.

ಅವನ ಬೆನ್ನುಚೀಲವನ್ನು ನಾನು ಹಿಂದಿನ ರಾತ್ರಿಯೇ ಬಿಚ್ಚಿ ನೋಡಿದ್ದೆ. ಎರಡು ಟವೆಲ್, ಸ್ಟೀಲಿನ ಟಿಫಿನ್ ಡಬ್ಬಿ, ಸೆಂಟಿನ ಬಾಟಲಿ. ಅವನ್ನು ಹೊರಗಿಡಿಸಿದ್ದೆ. ಛಾಪಾ ಕಾಗದವನ್ನು ಮಾತ್ರ ಅವನು ಬಿಡಲಿಲ್ಲ. “ಮನೆಯಲ್ಲಿಟ್ಟರೆ ಭಾವ ಹಳೆ ಪೇಪರ್ ಜೊತೆ ಹಾಕಿಬಿಡುತ್ತಾರೆ” ಎಂದು ಚಿಕ್ಕಿಯ ಪೊಟ್ಟಣದ ಜೊತೆ ಚೀಲದ ಪಕ್ಕದ ಜೇಬಿಗೆ ತುರುಕಿದ. ನನ್ನ ಗಂಡನ ಬಗ್ಗೆ ಹೇಳಿದ್ದು ಸುಳ್ಳೇನಲ್ಲ.

ಮೊದಲ ಅರ್ಧ ಮೈಲಿ ಫರ್ ಮತ್ತು ಸ್ಪ್ರೂಸ್ ಮರಗಳ ಕತ್ತಲು. ಫ್ರೇಸರ್ ಫರ್ ಎಂಬ ಆ ಮರ ಈ ದಕ್ಷಿಣದ ಎತ್ತರದ ಬೆಟ್ಟಗಳನ್ನು ಬಿಟ್ಟು ಬೇರೆಲ್ಲೂ ಕಾಡಿನಲ್ಲಿ ಬೆಳೆಯುವುದಿಲ್ಲ. ಒದ್ದೆಯಾದಾಗ ಕಿತ್ತಳೆ ಸಿಪ್ಪೆ ಹಿಂಡಿದಂಥ ಒಂದು ವಾಸನೆ ಬರುತ್ತದೆ. ಆಮೇಲೆ ಯಾರೋ ಗೆರೆ ಎಳೆದ ಹಾಗೆ ಮರಗಳು ನಿಂತುಹೋಗಿ ಹುಲ್ಲು ಶುರುವಾಯಿತು. ಮರವಿಲ್ಲದ ಈ ನೆತ್ತಿಗಳನ್ನು ಇಲ್ಲಿಯವರು ‘ಬಾಲ್ಡ್’ ಎನ್ನುತ್ತಾರೆ. ಅನುವಾದಕ್ಕೆ ತಡಕಾಡಬೇಕಾಗಿಲ್ಲ: ಬೋಳು. ನಮ್ಮೂರಿನಲ್ಲೂ ಬೋಳುಗುಡ್ಡ ಎಂದೇ ಕರೆಯುವ ಒಂದು ಗುಡ್ಡವಿದೆ.

ರೌಂಡ್ ಬಾಲ್ಡ್ ತಲುಪಿದಾಗಲೂ ಕಂಡದ್ದು ನಮ್ಮ ಬೂಟುಗಳಷ್ಟೇ. “ಇಷ್ಟೇ ನೋಡುವುದಾದರೆ ಮಳೆಗಾಲದ ಕುದುರೆಮುಖ ಹತ್ತಿರವಿತ್ತಲ್ಲ ಅಕ್ಕ” ಎಂದ. ಅಲ್ಲಾದರೆ ಇಷ್ಟು ಹೊತ್ತಿಗೆ ಕಾಲಿಗೆ ಹತ್ತಾದರೂ ಇಂಬಳ ಹತ್ತಿರುತ್ತಿದ್ದವು ಎಂದೆ. ಒಪ್ಪಿಕೊಂಡ.

ಎರಡನೆಯದು ಜೇನ್ ಬಾಲ್ಡ್. ಜೇನು ಎಂದು ತಮ್ಮ ಬಾಯಿ ಚಪ್ಪರಿಸಿದ. ಇದು ತುಪ್ಪದ ಜೇನಲ್ಲ, ಒಬ್ಬ ಹೆಂಗಸಿನ ಹೆಸರು. ಹಿಂದಿನ ಕಾಲದಲ್ಲಿ ಇಬ್ಬರು ಅಕ್ಕತಂಗಿಯರು ಈ ಬೆಟ್ಟ ದಾಟುವಾಗ ಒಬ್ಬಳಿಗೆ ದಾರಿಯಲ್ಲೇ ಹಾಲಿನ ಕಾಯಿಲೆ ಬಂತಂತೆ, ಇನ್ನೊಬ್ಬಳು ಚಳಿಯಲ್ಲಿ ರಾತ್ರಿಯೆಲ್ಲ ಅವಳ ಬಳಿ ಕುಳಿತಿದ್ದಳಂತೆ. ಹಾಲಿನ ಕಾಯಿಲೆ ಮಾತ್ರ ಕಟ್ಟುಕಥೆಯಲ್ಲ. ಇಲ್ಲಿನ ಕಾಡಂಚಿನಲ್ಲಿ ಬಿಳಿ ಹೂವಿನ ಒಂದು ಗಿಡ ಬೆಳೆಯುತ್ತದೆ. ಹಸು ಅದನ್ನು ಮೇದರೆ ವಿಷ ಹಾಲಿಗೆ ಇಳಿಯುತ್ತದೆ, ಆ ಹಾಲು ಕುಡಿದವರು ಸಾಯಲೂಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಹಳ್ಳಿಗಳನ್ನು ಅದು ಬಹಳ ಕಾಡಿತು. ಅಬ್ರಹಾಂ ಲಿಂಕನ್‌ರ ತಾಯಿ ತೀರಿಕೊಂಡದ್ದೂ ಇದರಿಂದಲೇ ಎನ್ನುತ್ತಾರೆ. ಇಷ್ಟು ಕೇಳಿ ತಮ್ಮ, “ನನಗೆ ಕಾಯಿಲೆ ಬಂದರೆ ನೀನು ಕೂರುತ್ತೀಯಾ?” ಎಂದ. ಚಳಿ ಎಷ್ಟಿದೆ ನೋಡಿಕೊಂಡು ಹೇಳುತ್ತೇನೆ ಎಂದೆ.

ಮಂಜು ಸರಿದದ್ದು ಆಗಲೇ. ನಿಧಾನವಾಗಿ ಏನೂ ಅಲ್ಲ. ಅಂಗಳದಲ್ಲಿ ಒಣಹಾಕಿದ ಪಂಚೆಯನ್ನು ಯಾರೋ ಎಳೆದುಕೊಂಡ ಹಾಗೆ ಒಂದೇ ಸಲಕ್ಕೆ ಹೋಯಿತು. ಎದುರಿಗೆ ಏಣಿನ ಮೇಲೆ ಏಣು, ಕಂದು ಹುಲ್ಲಿನ ಇಳಿಜಾರು, ತಗ್ಗಿನ ಸಂದುಗಳಲ್ಲಿ ಮಾತ್ರ ಒತ್ತಾಗಿ ಸೇರಿಕೊಂಡ ಕಾಡು. ಇಬ್ಬರೂ ಮಾತಾಡಲಿಲ್ಲ. ಎಲ್ಲಿ ನಿಂತಿದ್ದೇವೆಂದು ಒಂದು ಕ್ಷಣ ಇಬ್ಬರಿಗೂ ಗೊಂದಲವಾಗಿತ್ತು. ಕಣ್ಣಿಗೆ ಅದು ಸಾಕ್ಷಾತ್ ಕುದುರೆಮುಖ. ಮುಖ್ಯದಾರಿ ಬಿಟ್ಟು ಅರ್ಧ ಮೈಲಿ ಪಕ್ಕಕ್ಕೆ ಹತ್ತಿದರೆ ಸಿಗುವ ಗ್ರಾಸಿ ರಿಜ್ ಬಾಲ್ಡ್‌ನ ಎತ್ತರ 6,189 ಅಡಿ, ಮೀಟರಿನಲ್ಲಿ 1,886. ಕುದುರೆಮುಖ ಶಿಖರ 1,894. ಒಂದು ತೆಂಗಿನ ಮರದಷ್ಟೂ ವ್ಯತ್ಯಾಸವಿಲ್ಲ.

ಈ ಬೋಳುಗಳು ಹೇಗಾದವು ಎಂಬುದಕ್ಕೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಇವು ಮರ ಬೆಳೆಯಲಾರದ ಎತ್ತರವೇನಲ್ಲ. ಇದಕ್ಕಿಂತ ಎತ್ತರದ ಪಕ್ಕದ ನೆತ್ತಿಗಳಲ್ಲಿ ಕಾಡು ದಟ್ಟವಾಗಿದೆ. ಹಿಮಯುಗದ ಬಯಲನ್ನು ಮೊದಲು ಆಗಿನ ದೈತ್ಯ ಪ್ರಾಣಿಗಳು, ಆಮೇಲೆ ಎಲ್ಕ್ ಜಿಂಕೆ ಮತ್ತು ಕಾಡೆಮ್ಮೆಗಳು ಮೇದು ಬೋಳಾಗಿಯೇ ಉಳಿಸಿದವು, ಅವು ಬೇಟೆಗೆ ಮುಗಿದ ಮೇಲೆ ವಲಸೆ ಬಂದ ರೈತರ ದನಗಳು ಆ ಕೆಲಸ ಮುಂದುವರಿಸಿದವು ಎಂಬುದು ಒಂದು ವಾದ. ರೈತರೇ ಕಡಿದು ಮಾಡಿದರು ಎಂಬುದು ಇನ್ನೊಂದು. ಎಲ್ಲರೂ ಒಪ್ಪುವ ಸಂಗತಿ ಒಂದೇ: ದನ ಮೇಯುವುದು ನಿಂತ ಕಡೆ ಬೋಳು ಕಿರಿದಾಗುತ್ತಿದೆ. ಮೊದಲು ಬ್ಲ್ಯಾಕ್‌ಬೆರಿ ಮುಳ್ಳು ಬರುತ್ತದೆ, ಅದರ ನೆರಳಿನಲ್ಲಿ ಆಲ್ಡರ್ ಪೊದೆ, ಅದರ ಹಿಂದೆ ಮರ. ಈಗ ಸ್ವಯಂಸೇವಕರು ಬೇಸಿಗೆಯಲ್ಲಿ ಯಂತ್ರ ಹೊತ್ತು ಬಂದು ಮುಳ್ಳು ಸವರುತ್ತಾರೆ. 2008ರಿಂದ ಕೆಲವು ಬೇಸಿಗೆ ಆಡುಗಳನ್ನು ತಂದು ಬಿಟ್ಟು ಮೇಯಿಸಿದ್ದೂ ಉಂಟು. ಇಷ್ಟನ್ನೂ ನಾನು ತಮ್ಮನಿಗೆ ಹೇಳಿದೆ. ಯಾಕೆ ಹೇಳುತ್ತಿದ್ದೇನೆಂದು ಅವನಿಗೆ ಗೊತ್ತಾಯಿತು. “ಹ್ಞೂಂ” ಎಂದು ನೀರಿನ ಬಾಟಲಿ ಬಿಚ್ಚಿದ.

ಸಂಜೆ ಇಳಿದು ಲೋ ಗ್ಯಾಪ್ ಎಂಬಲ್ಲಿರುವ ಮೂರು ಗೋಡೆಯ ಮರದ ತಂಗುಮನೆ ಸೇರಿದೆವು. ನಮ್ಮ ಬಸ್ ನಿಲ್ದಾಣದ ಹಾಗೆ ಮುಂದಿನ ಬದಿ ಪೂರ್ತಿ ತೆರೆದೇ ಇರುತ್ತದೆ. ಬೇರೆ ಯಾರೂ ಇರಲಿಲ್ಲ. ಅನ್ನ, ಚಟ್ನಿಪುಡಿ, ತುಪ್ಪ, ಎಂಟಕ್ಕೆ ನಿದ್ದೆ.

ಗುರುವಾರ

ಊಟದ ಚೀಲವನ್ನೆಲ್ಲ ನಿಯಮದಂತೆ ಮರಕ್ಕೆ ತೂಗುಹಾಕಿದ್ದೆವು. ಚಿಕ್ಕಿಯನ್ನು ಮರೆತಿದ್ದೆವು. ತಂಗುಮನೆಯ ಇಲಿಗಳು ಪೀಳಿಗೆಗಟ್ಟಲೆ ಚಾರಣಿಗರ ಅನ್ನದಲ್ಲಿ ಬೆಳೆದಂಥವು. ತಮ್ಮನ ಚೀಲದ ಪಕ್ಕದ ಜೇಬಿಗೆ ರೂಪಾಯಿ ಅಗಲದ ತೂತು ಮಾಡಿ ಚಿಕ್ಕಿಯನ್ನು ಖಾಲಿ ಮಾಡಿದ್ದವು. ಬೆಲ್ಲದ ಅಂಟು ತಾಗಿದ್ದಕ್ಕೋ ಏನೋ, ಪ್ಲಾಸ್ಟಿಕ್ ಕವರನ್ನೂ ಕಡಿದು ಛಾಪಾ ಕಾಗದದ ಬಲ ಮೂಲೆಯನ್ನು ತಿಂದಿದ್ದವು. ಸರಿಯಾಗಿ ನಾನು ಸಹಿ ಹಾಕಬೇಕಿದ್ದ ಜಾಗ. ತಮ್ಮ ಆ ಕಾಗದವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಬೆಳಕಿಗೆ ನೋಡಿದ. ನಾನು ನಗುವುದನ್ನು ತಡೆದುಕೊಳ್ಳಲು ಹಲ್ಲುಜ್ಜಲು ಹೋದೆ.

ಮೋಡ ಪೂರ್ತಿ ಬಿಟ್ಟಿತ್ತು. ದಾರಿ ಬೀಚ್ ಮರಗಳ ನಡುವೆ ಏಣಿನ ಮೇಲೇ ಸಾಗುತ್ತದೆ. ಈ ಎತ್ತರದಲ್ಲಿ ಹೆಚ್ಚಿನ ಎಲೆ ಆಗಲೇ ಉದುರಿತ್ತು. ಎಳೆಯ ಬೀಚ್ ಗಿಡಗಳು ಮಾತ್ರ ಒಣಗಿದ ಎಲೆಯನ್ನು ಬಿಡದೆ ಹಿಡಿದುಕೊಂಡಿರುತ್ತವೆ. ತಾಮ್ರದ ತಗಡಿನ ಬಣ್ಣದ ಆ ಎಲೆಗಳು ಗಾಳಿಗೆ ಹಪ್ಪಳ ಮುರಿದ ಸದ್ದು ಮಾಡುತ್ತವೆ. ಮರದಿಂದ ಮರಕ್ಕೆ ಎರಡಿಂಚು ಅಗಲ, ಆರಿಂಚು ಉದ್ದದ ಬಿಳಿ ಪಟ್ಟಿ ಬಳಿದಿರುತ್ತಾರೆ. ಅದೇ ದಾರಿಯ ಗುರುತು. ನೀಲಿ ಪಟ್ಟಿ ಕಂಡರೆ ನೀರಿಗೋ ತಂಗುಮನೆಗೋ ಹೋಗುವ ಅಡ್ಡದಾರಿ.

ಹತ್ತೂವರೆಗೆ ಯೆಲ್ಲೋ ಮೌಂಟನ್ ಗ್ಯಾಪ್. ಇಲ್ಲಿ ಕೆಳಗೆ ಕೆಂಪು ಬಣ್ಣದ ದೊಡ್ಡ ಹಳೆಯ ಕೊಟ್ಟಿಗೆಯೊಂದಿತ್ತು. ಅದನ್ನೇ ತಂಗುಮನೆಯಾಗಿ ಮಾಡಿದ್ದರು. ನಾವು ಹೋಗುವ ತಿಂಗಳ ಹಿಂದಷ್ಟೇ ಕಟ್ಟಡ ಸಡಿಲಾಗಿದೆಯೆಂದು ಮುಚ್ಚಿದ್ದರು. ಬಾಗಿಲಿಗೆ ಎಚ್ಚರಿಕೆಯ ಚೀಟಿ. ಕಣಿವೆಗೆ ಮುಖಮಾಡಿ ವಾಲಿದ ಕೊಟ್ಟಿಗೆಯನ್ನು ನೋಡಿದಾಗ, ಎಮ್ಮೆ ಮಾರಿದ ಮೇಲೆ ನಮ್ಮ ಕಡೆ ಉಳಿಯುವ ಕೊಟ್ಟಿಗೆಗಳು ನೆನಪಾದವು.

ಈ ಕಣಿವೆಬಾಯಿಗೆ ಇನ್ನೊಂದು ಕಥೆ ಇದೆ, ಅಮೆರಿಕದವರು ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯಕ್ಕೆ ಕಾದಾಡುತ್ತಿದ್ದ ಕಾಲದ್ದು. 1780ರ ಸೆಪ್ಟೆಂಬರ್ ಕೊನೆಯಲ್ಲಿ ಬೆಟ್ಟದಾಚೆಯ ರೈತರು, ಬೇಟೆಗಾರರು ಸ್ವಂತ ಬಂದೂಕು, ಸ್ವಂತ ಕುದುರೆ ತೆಗೆದುಕೊಂಡು, ಆಗಲೇ ಬಿದ್ದಿದ್ದ ಹಿಮದಲ್ಲಿ ಇಲ್ಲಿಂದ ದಾಟಿದರು. ನೀವು ತೆಪ್ಪಗಿರದಿದ್ದರೆ ಬೆಟ್ಟ ದಾಟಿ ಬಂದು ನಿಮ್ಮೂರುಗಳನ್ನು ಸುಡುತ್ತೇನೆ ಎಂದು ಪ್ಯಾಟ್ರಿಕ್ ಫರ್ಗ್ಯೂಸನ್ ಎಂಬ ಬ್ರಿಟಿಷ್ ಮೇಜರ್ ಹೇಳಿ ಕಳುಹಿಸಿದ್ದ. ಅವನು ಬರುವ ತನಕ ಇವರು ಕಾಯಲಿಲ್ಲ. ಅಕ್ಟೋಬರ್ 7ರಂದು ಕಿಂಗ್ಸ್ ಮೌಂಟನ್‌ನಲ್ಲಿ ಒಂದು ಗಂಟೆಯ ಕಾಳಗದಲ್ಲಿ ಫರ್ಗ್ಯೂಸನ್ ಸತ್ತ. ಅವನ ಪಡೆ ಶರಣಾಯಿತು.

ಫಲಕ ಓದುತ್ತಿದ್ದ ತಮ್ಮ, “1780ರ ಸೆಪ್ಟೆಂಬರ್ ಎಂದರೆ ಪೊಳ್ಳಿಲೂರು ಅಲ್ಲವೇ?” ಎಂದ. ಶಾಲೆಯಲ್ಲಿ ಇತಿಹಾಸಕ್ಕೆ ಬಹುಮಾನ ತೆಗೆದುಕೊಂಡವನು. ಹೌದು, ಆ ತಿಂಗಳ 10ರಂದೇ ಹೈದರ್ ಮತ್ತು ಟಿಪ್ಪು ಕಾಂಚೀಪುರದ ಬಳಿ ಕರ್ನಲ್ ಬೇಲಿಯ ಸೈನ್ಯವನ್ನು ಪುಡಿಗಟ್ಟಿ ಅವನನ್ನು ಸೆರೆಹಿಡಿದಿದ್ದರು. ಶ್ರೀರಂಗಪಟ್ಟಣದಲ್ಲಿ ಅವನ ಹೆಸರಿನ ನೆಲಮಾಳಿಗೆಯನ್ನು ಶಾಲಾ ಪ್ರವಾಸದಲ್ಲಿ ನೋಡದವರು ಯಾರು? ಹೈದರನ ಸುದ್ದಿ ಇಲ್ಲಿಗೂ ಮುಟ್ಟಿತ್ತು. 1782ರಲ್ಲಿ ಪೆನ್ಸಿಲ್ವೇನಿಯಾದವರು ಬ್ರಿಟಿಷರ ಮೇಲೆ ಬಿಟ್ಟ ಒಂದು ಯುದ್ಧನೌಕೆಗೆ ‘ಹೈದರ್ ಆಲಿ’ ಎಂದೇ ಹೆಸರಿಟ್ಟಿದ್ದರು. ಆ ಕೊಟ್ಟಿಗೆಯ ಮುಂದೆ ಕುಳಿತು ಚಪಾತಿ ಸುರುಳಿ ತಿನ್ನುತ್ತ ನಾವಿಬ್ಬರು ಮೈಸೂರು ಯುದ್ಧಗಳನ್ನು ಕ್ರಮವಾಗಿ ಒಪ್ಪಿಸಿದೆವು. ಮೂರನೆಯದರ ಇಸವಿಗೆ ಜಗಳವೂ ಆಯಿತು.

ಆ ವರ್ಷ ಸೆಪ್ಟೆಂಬರ್ ಪೂರ್ತಿ ಬಿಸಿಲು, ಮಳೆ ಇಲ್ಲ. ಒರತೆಯಲ್ಲಿ ನೀರು ಬೆರಳು ದಪ್ಪಕ್ಕೆ ಮಾತ್ರ ಬರುತ್ತಿತ್ತು. ರಾತ್ರಿಯ ಬಿಡಾರದಲ್ಲಿ ನೀರಿಲ್ಲವಾದ್ದರಿಂದ ತಲೆಗೆ ನಾಲ್ಕು ಲೀಟರ್ ತುಂಬಿಕೊಂಡೆವು. ಅಲ್ಲಿಂದ ಲಿಟ್ಲ್ ಹಂಪ್ ಎಂಬ ಬೋಳಿಗೆ ಒಂದೂವರೆ ಮೈಲಿಯ ಏರು. ಹತ್ತಿದ್ದು ಎರಡು ಗಂಟೆ. ದಾರಿಯಲ್ಲಿ ಎದುರಾದವನು ಒಬ್ಬನೇ ಮುದುಕ, ನಾಯಿಯ ಬೆನ್ನಿಗೂ ಪುಟ್ಟ ಚೀಲ ಕಟ್ಟಿದ್ದ. “ಮೇಲೆ ಯಾರೂ ಇಲ್ಲ, ಪೂರ್ತಿ ನಿಮ್ಮದೇ” ಎಂದು ಹೇಳಿ ಹೋದ.

ಬಿಡಾರದ ಜಾಗ ಬೋಳಿನ ಅಂಚಿನಲ್ಲೇ ಇದೆ. ಬೆನ್ನಿಗೆ ಕುಳ್ಳಾಗಿ ಗಾಳಿಗೆ ತಿರುಚಿಕೊಂಡ ಬೀಚ್ ಮರಗಳ ಒಂದು ಗುಂಪು, ಮುಂದೆ ಹುಲ್ಲು, ಹುಲ್ಲಿನ ಆಚೆ ಆಕಾಶ. ಟೆಂಟು ಹಾಕಿದ್ದು ನಾಲ್ಕು ಗಂಟೆಗೆ. ಆಮೇಲೆ ಕರಡಿಗೆ ಎಟುಕದಂತೆ ಊಟದ ಚೀಲ ತೂಗುಹಾಕಲು ಕೊಂಬೆಯ ಮೇಲಿಂದ ಹಗ್ಗ ಹಾಯಿಸಬೇಕು. ಹಗ್ಗದ ತುದಿಗೆ ಕಲ್ಲು ಕಟ್ಟಿ ತಮ್ಮ ಒಂಬತ್ತು ಸಲ ಎಸೆದ. ಒಂದು ಸಲ ಕಲ್ಲು ಅವನ ಕಿವಿಯ ಪಕ್ಕವೇ ಹಿಂದಕ್ಕೆ ಬಂತು. ಬೇಸಿಗೆ ರಜೆಗಳಲ್ಲಿ ಪಕ್ಕದ ಮನೆಯ ಕಾಟುಮಾವಿಗೆ ಕಲ್ಲು ಬೀಸಿದ ಕೈ ನನ್ನದು. ಎರಡನೆಯ ಎಸೆತಕ್ಕೆ ಹಗ್ಗ ಕೂತಿತು.

ಸ್ಟವ್ ಕೈಕೊಟ್ಟಿತು. ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ನಾನು ಬರೀ ಬ್ಯೂಟೇನ್ ತುಂಬಿದ ಡಬ್ಬಿ ತಂದಿದ್ದೆ. ತಪ್ಪು ನನ್ನದೇ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ಬಿಡುತ್ತದೆ. ಉರಿಯುತ್ತಿರುವಾಗ ಡಬ್ಬಿ ಇನ್ನಷ್ಟು ತಣ್ಣಗಾಗುವುದರಿಂದ ಹೊರಗೆ ಮೂರು ಡಿಗ್ರಿ ಇದ್ದರೂ ಕಥೆ ಮುಗಿಯುತ್ತದೆ. ಹಿಂದಿನ ದಿನ ತಗ್ಗಿನಲ್ಲಿ ಹೇಗೋ ಉರಿದಿತ್ತು. ಇಲ್ಲಿ ಜ್ವಾಲೆ ಮೊದಲು ಹಣತೆಯಷ್ಟಾಗಿ, ಆಮೇಲೆ ಊದುಬತ್ತಿಯ ತುದಿಯಷ್ಟಾಗಿ ಆರಿತು. ಡಬ್ಬಿಯನ್ನು ಕೋಟಿನೊಳಗೆ ಇಟ್ಟು ಕಾವು ಕೊಟ್ಟು ಒಂದು ಲೋಟ ನೀರು ಬಿಸಿಮಾಡುವಷ್ಟರಲ್ಲಿ ಸೂರ್ಯ ಮುಳುಗಿದ.

ಆಗ ನೆನಪಾದದ್ದು ಅಮ್ಮನ ಗೊಜ್ಜವಲಕ್ಕಿ. ಅದಕ್ಕೆ ಬೆಂಕಿ ಯಾಕೆ ಬೇಕು? ಗಟ್ಟಿ ಅವಲಕ್ಕಿಯನ್ನು ರವೆಯಂತೆ ತರಿಯಾಗಿ ಒಡೆದು, ಹುಣಸೆ ಬೆಲ್ಲ ಬತ್ತಿಸಿದ ಪುಡಿ, ಒಣಕೊಬ್ಬರಿ, ಒಗ್ಗರಣೆ ಎಲ್ಲ ಸೇರಿಸಿಯೇ ಕಳಿಸಿದ್ದಳು. ತಣ್ಣೀರು ಮುಳುಗುವಷ್ಟು ಹಾಕಿ ಮುಚ್ಚಿಟ್ಟೆವು. ಹದಿನೈದು ನಿಮಿಷಕ್ಕೆ ಅರಳಿ, ಚಮಚ ಹಾಕಿದರೆ ಉದುರುದುರಾಗಿ ಎದ್ದಿತು. ಕಡಲೆಬೇಳೆ ಮಾತ್ರ ಹಲ್ಲಿಗೆ ಕಲ್ಲಿನಂತೆ ಸಿಕ್ಕಿತು. ಇಲ್ಲಿನ ಅಂಗಡಿಗಳಲ್ಲಿ ಚಾರಣದ ಒಣ ಊಟ ಎಂದು ಆಗ ಪೊಟ್ಟಣಕ್ಕೆ ಹತ್ತು ಡಾಲರ್ ಕಿತ್ತು ಮಾರುತ್ತಿದ್ದರು. ಅದಕ್ಕೂ ಕುದಿಯುವ ನೀರು ಬೇಕು.

ಕತ್ತಲಾದ ಮೇಲೆ ನನಗೆ ವಿಚಿತ್ರವೆನಿಸಿದ್ದು ಸದ್ದಿಲ್ಲದಿರುವುದು. ಮಲೆನಾಡಿನ ರಾತ್ರಿಯಲ್ಲಿ ಜೀರುಂಡೆ, ಕಪ್ಪೆ, ಗೂಬೆ ಎಲ್ಲ ಸೇರಿ ಕಿವಿ ತುಂಬಿರುತ್ತದೆ. ಇಲ್ಲಿ ಚಳಿಗೆ ಹುಳಗಳೆಲ್ಲ ಮುಗಿದಿದ್ದವು. ಗಾಳಿಯೂ ಬಿದ್ದಿತ್ತು. ತಮ್ಮ ಕೈಗವಸು ತೆಗೆದ ಸದ್ದು ನನಗೆ ಕೇಳಿಸಿತು.

“ಅಕ್ಕ, ನೀನು ಅಂದುಕೊಂಡಿರುವ ಬ್ಯಾಣ ಈಗಿಲ್ಲ” ಎಂದ. “ಅಪ್ಪ ಹೋದ ಮೇಲೆ ಹಸುಗಳನ್ನು ಕೊಟ್ಟೆವಲ್ಲ. ಎರಡೇ ಮಳೆಗಾಲಕ್ಕೆ ಯುಪಟೋರಿಯಂ ಕಳೆ ಬಂತು. ಈಗ ಲಂಟಾನ ಆಳೆತ್ತರ ಇದೆ, ಅದರ ನಡುವೆ ಅಕೇಶಿಯಾ ಎದ್ದಿದೆ. ನಾವು ಜಾರುತ್ತಿದ್ದ ಬಂಡೆಗೆ ದಾರಿಯೇ ಇಲ್ಲ.”

“ಒಂದು ಸಲ ಸವರಿಸಿದರೆ ಆಗುವುದಿಲ್ಲವೇ?”

“ಎರಡು ಸಲ ಸವರಿಸಿದೆ. ಮರುವರ್ಷ ಅಷ್ಟೇ ಬಂತು. ಮೇಯುವ ಬಾಯಿ ಬೇಕು. ಹಸು ಕಟ್ಟುವವರು ಯಾರು? ನೀನೋ, ನಾನೋ?”

ಉತ್ತರ ನನ್ನ ಬಳಿ ಇರಲಿಲ್ಲ. ಷಾರ್ಲಟ್‌ನಲ್ಲಿ ಕುಳಿತು ಕಳಸದ ಹುಲ್ಲಿಗೆ ಅಳುವುದು ಸುಲಭ. ಮಳೆಗಾಲದಲ್ಲಿ ಅಮ್ಮನ ಔಷಧಿಗೆ ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತುವವನು ಅವನು. “ಹೋಮ್‌ಸ್ಟೇಯವರಾದರೂ ಹುಲ್ಲು ಉಳಿಸುತ್ತಾರೇನು?” ಎಂದು ಕೇಳಿದೆ. “ಈಜುಕೊಳ ಮಾಡುತ್ತಾರಂತೆ” ಎಂದ. ಇಬ್ಬರಿಗೂ ನಗು ಬಂತು. ಆಮೇಲೆ ಬಹಳ ಹೊತ್ತು ನಕ್ಷತ್ರ ನೋಡಿದೆವು. ಕೃತ್ತಿಕೆ ಪೂರ್ವದ ಏಣಿನ ಮೇಲೆ ಬಂದಿತ್ತು.

ಮಲಗುವ ಮುನ್ನ ಎರಡು ಕೆಲಸ. ನೀರಿನ ಬಾಟಲಿಗಳನ್ನು ತಲೆಕೆಳಗಾಗಿ ನಿಲ್ಲಿಸಬೇಕು. ಮಂಜುಗಡ್ಡೆ ಮೇಲಿನಿಂದ ಕಟ್ಟಿಕೊಂಡು ಬರುವುದರಿಂದ ಬೆಳಗ್ಗೆ ಮುಚ್ಚಳದ ಬಾಯಿ ತೆರವಾಗಿರುತ್ತದೆ. ನೀರು ಸೋಸುವ ಫಿಲ್ಟರನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಬೇಕು. ಅದರೊಳಗಿನ ಸಣ್ಣ ನಳಿಗೆಗಳು ಒಮ್ಮೆ ಹೆಪ್ಪುಗಟ್ಟಿ ಸೀಳಿದರೆ ಹೊರಗಿನಿಂದ ಗೊತ್ತಾಗುವುದಿಲ್ಲ, ಹೊಟ್ಟೆಗೆ ಗೊತ್ತಾಗುತ್ತದೆ.

ಶುಕ್ರವಾರ

ಟೆಂಟಿನ ಒಳಮೈಗೆ ನಮ್ಮದೇ ಉಸಿರು ಹಿಮವಾಗಿ ಅಂಟಿತ್ತು. ಜಿಪ್ ಎಳೆದ ಕೂಡಲೇ ಕುತ್ತಿಗೆಯೊಳಗೆ ಉದುರಿತು. ಹೊರಗೆ ಪ್ರತಿ ಹುಲ್ಲೆಸಳಿಗೂ ಸಕ್ಕರೆ ಪಾಕ ಎಳೆ ಕಟ್ಟಿದ ಹಾಗೆ ಬಿಳಿಯ ಅಂಚು. ಬಿಸಿಲು ಬಿದ್ದ ಕಡೆ ಅದು ಕರಗಿ ನೀರಾಗುವುದು, ನೆರಳಿನ ಗೆರೆಯ ಈಚೆ ಹಾಗೆಯೇ ಬಿಳಿಯಾಗಿ ಉಳಿಯುವುದು, ಆ ಗೆರೆ ನಮ್ಮ ಕಡೆಗೆ ಸರಿಯುತ್ತ ಬರುವುದು. ಇದನ್ನು ನೋಡುತ್ತ ಅರ್ಧ ಗಂಟೆ ಚಹಾ ಇಲ್ಲದೆ ಕುಳಿತಿದ್ದೆವು. ಚಹಾ ಇಲ್ಲದ್ದಕ್ಕೆ ತಮ್ಮ ಇವತ್ತಿಗೂ ನನ್ನನ್ನು ಕ್ಷಮಿಸಿಲ್ಲ.

ಇಳಿದು, ಮತ್ತೆ ಹತ್ತಿ, 5,587 ಅಡಿಯ ಹಂಪ್ ಮೌಂಟನ್ ಮೇಲೆ ನಿಂತಾಗ ದೂರದ ಗ್ರ್ಯಾಂಡ್‌ಫಾದರ್ ಬೆಟ್ಟದ, ತಾತನ ಮುಖದಂತೆ ಕಾಣುವ ಏಣು ಸ್ಪಷ್ಟವಿತ್ತು. ಬಣ್ಣವೆಲ್ಲ ಕೆಳಗಿತ್ತು. ಕಣಿವೆಯ ಹೊಟ್ಟೆಯಲ್ಲಿ ಮೇಪಲ್‌ಗಳು ಕುಂಕುಮ, ಬರ್ಚ್‌ಗಳು ಅರಿಸಿನ, ಓಕ್‌ಗಳು ಇನ್ನೂ ಹಸಿರು. ಎಲೆಯಲ್ಲಿ ಹಳದಿ ಮೊದಲಿನಿಂದಲೂ ಇರುತ್ತದೆ, ಹಸಿರು ಕರಗಿದಾಗ ಕಾಣುತ್ತದಷ್ಟೇ. ಕೆಂಪನ್ನು ಮಾತ್ರ ಮರ ಹೊಸದಾಗಿ, ಎಲೆಯಲ್ಲಿ ಉಳಿದ ಸಕ್ಕರೆಯಿಂದ ಮಾಡುತ್ತದೆ. ನಮ್ಮ ಮಾವಿನ ಚಿಗುರಿನ ಕೆಂಪೂ ಇದೇ ಬಗೆಯ ವರ್ಣದ್ರವ್ಯ. ಅಲ್ಲಿ ಎಳೆಗೂಸಿಗೆ ಬಳಿಯುವ ಬಣ್ಣವನ್ನು ಇಲ್ಲಿ ಮುಪ್ಪಿಗೆ ಬಳಿಯುತ್ತಾರೆ.

ಆಮೇಲಿನದು ಐದು ಮೈಲಿ ಇಳಿಜಾರು, ಹೆಬ್ಬೆರಳಿನ ಉಗುರುಗಳಿಗೆ ಬಿಟ್ಟ ವಿಷಯ. ಡಾಲ್ ಫ್ಲ್ಯಾಟ್ಸ್ ಎಂಬ ಸಮತಟ್ಟಿನಲ್ಲಿ ದಾರಿ ನಾರ್ತ್ ಕ್ಯಾರೊಲೈನಾವನ್ನು ಕೊನೆಯ ಸಲ ಬಿಟ್ಟು ಟೆನೆಸಿಗೆ ಇಳಿಯುತ್ತದೆ. ಕೆಳಗಿಳಿದಂತೆ ಹಿಂದೆ ನೋಡಿದ್ದ ಕುಂಕುಮದ ಒಳಗೇ ನಾವು ನಡೆಯುತ್ತಿದ್ದೆವು. ಎಲೆಗಳಲ್ಲಿ ದಾರಿಯ ಕಲ್ಲುಗಳು ಮುಚ್ಚಿಹೋಗಿ ತಮ್ಮ ಎರಡು ಸಲ ಕುಳಿತ. ಬಿದ್ದದ್ದಲ್ಲ, ಕುಳಿತದ್ದು ಎಂದು ಅವನ ವಾದ.

ರಸ್ತೆ ಕಾಣುವ ಮೊದಲೇ ಮೊಬೈಲಿಗೆ ಸಿಗ್ನಲ್ ಬಂತು. ತಮ್ಮನ ಜೇಬಿನಲ್ಲಿ ಮೂರು ದಿನದ ಸಂದೇಶಗಳು ಒಂದರ ಹಿಂದೊಂದು ಕುಟುಕಿದವು. ಹೋಮ್‌ಸ್ಟೇಯವರದೂ ಇತ್ತು. ಓದಿದ, ಉತ್ತರಿಸಲಿಲ್ಲ. ಕಾರಿನ ಡಿಕ್ಕಿ ತೆಗೆದು ಚೀಲ ಇಳಿಸುವಾಗ ಇಲಿ ತಿಂದ ಕಾಗದವನ್ನು ಹೊರತೆಗೆದು ಬಾನೆಟ್ಟಿನ ಮೇಲೆ ನೀವಿ ಹರಡಿದ.

“ಊರಲ್ಲಿ ಹೊಸ ಕಾಗದ ತೆಗೆಸಲು ಹೇಳಲೇ?”

“ಆಡು ಸಾಕುವವರು ನಮ್ಮ ಕಡೆ ಯಾರಾದರೂ ಇದ್ದಾರೇನೋ?” ಎಂದು ಕೇಳಿದೆ.

ಅವನು ಬೂಟಿನ ದಾರ ಬಿಚ್ಚುತ್ತಿದ್ದ. “ಮೂಡಿಗೆರೆ ಕಡೆ ಇದ್ದಾರಂತೆ” ಎಂದ. “ಮೊದಲು ಎಲ್ಲಾದರೂ ಚಹಾ ಕುಡಿಯೋಣ, ನಡಿ.”